ಹಳೆಯ ಗಣಕಕ್ಕೆ ಮರುಜೀವ: ಲಿನಕ್ಸ್ ಅಳವಡಿಕೆಗೊಂದು ಕೈಪಿಡಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಿಡುಗಡೆಯಾಗಿದ್ದ ಈ ಕಾರ್ಯಾಚರಣ ವ್ಯವಸ್ಥೆ ಹತ್ತು ವರ್ಷಗಳ ಕಾಲ ಮನೆ, ಶಾಲೆ, ಕಚೇರಿ, ಸೈಬರ್ ಕೇಂದ್ರಗಳಲ್ಲಿ ದುಡಿದಿತ್ತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಒದಗಿಸುವುದಾಗಿ ಸಂಸ್ಥೆ ಪ್ರಕಟಿಸಿತು. ಅದು ಗಡುವಿನ ವಿಸ್ತರಣೆಯೇ ಹೊರತು ಪರಿಹಾರವಲ್ಲ.

ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಪ್ಪಿಕೊಳ್ಳುವುದಿಲ್ಲ. 4 ಜಿಬಿ ಮೆಮೊರಿ ಹಾಗೂ 64 ಜಿಬಿ ಸಂಗ್ರಹ ಸ್ಥಳದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುತೇಕ 2017ರಲ್ಲಿ ಬಂದ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಹೀಗಾಗಿ ಪರದೆ, ಕೀಲಿಮಣೆ, ಸಂಸ್ಕಾರಕ ಎಲ್ಲವೂ ಸುಸ್ಥಿತಿಯಲ್ಲಿರುವ ಅಸಂಖ್ಯ ಯಂತ್ರಗಳು ಒಂದು ದಿನಾಂಕ ದಾಟಿದ ಮಾತ್ರಕ್ಕೆ 'ಹಳತು' ಎನಿಸಿಕೊಂಡವು. ಇವುಗಳನ್ನು ಗುಜರಿಗೆ ಹಾಕುವ ಮೊದಲು ಯೋಚಿಸಬಹುದಾದ ದಾರಿಯೊಂದಿದೆ: ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸುವುದು. ಆ ದಾರಿ ಯಾವ ಯಂತ್ರಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು, ಹೊರಡುವ ಮುನ್ನ ಏನನ್ನು ಜೋಪಾನ ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಯಂತ್ರ ನಿಧಾನವಾಗುವುದೇಕೆ?

ಗಣಕವು ಬಳಸಿದಷ್ಟೂ ಸವೆದು ನಿಧಾನವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಸ್ಕಾರಕದ ವಿಷಯದಲ್ಲಿ ಇದು ನಿಜವಲ್ಲ. ಹತ್ತು ವರ್ಷದ ಹಿಂದೆ ಅದು ಒಂದು ಕ್ಷಣದಲ್ಲಿ ಮಾಡುತ್ತಿದ್ದಷ್ಟೇ ಲೆಕ್ಕವನ್ನು ಇಂದಿಗೂ ಮಾಡುತ್ತದೆ. ಬದಲಾಗಿರುವುದು ಅದರ ಮೇಲಿನ ಹೊರೆ. ಹಿನ್ನೆಲೆಯಲ್ಲಿ ಓಡುವ ಸೇವೆಗಳು, ವೈರಾಣು ನಿರೋಧಕ ತಂತ್ರಾಂಶ, ತಾನಾಗಿಯೇ ಇಳಿಯುವ ಪರಿಷ್ಕರಣೆಗಳು, ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿರುವ ಜಾಲತಾಣಗಳು ಎಲ್ಲವೂ ಅದೇ ಮೆಮೊರಿಯನ್ನು ಹಂಚಿಕೊಳ್ಳಬೇಕಾಗಿದೆ.

ಮೆಮೊರಿ ಸಾಲದೇ ಹೋದಾಗ ವ್ಯವಸ್ಥೆಯು ಹಾರ್ಡ್ ಡಿಸ್ಕಿನ ಒಂದಷ್ಟು ಭಾಗವನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ನಿಜವಾದ ತೊಂದರೆ ಆರಂಭವಾಗುವುದು ಇಲ್ಲಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ತಲೆ ಸರಿಯಾದ ಪಥಕ್ಕೆ ಸರಿಯಲು ಬೇಕಾಗುವ ಸಮಯ ಬೇರೆ. ಚದುರಿಹೋದ ಕಡತಗಳನ್ನು ಹೀಗೆ ಹುಡುಕುತ್ತ ಹೋದರೆ ಸೆಕೆಂಡಿಗೆ ನೂರರ ಆಸುಪಾಸು ಓದುಗಳಷ್ಟೇ ಸಾಧ್ಯ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡುತ್ತದೆ. ಆದ್ದರಿಂದ ಮರುಜೀವದ ಮಾತಿನಲ್ಲಿ ತಂತ್ರಾಂಶ ಎಷ್ಟು ಮುಖ್ಯವೋ ಈ ಒಂದು ಬಿಡಿಭಾಗವೂ ಅಷ್ಟೇ ಮುಖ್ಯ.

ಲಿನಕ್ಸ್ ಎಂದರೇನು?

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ತಾವು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು 1991ರ ಆಗಸ್ಟ್ 25ರಂದು ಬಹಿರಂಗಪಡಿಸಿದರು. ಅದೇ ಲಿನಕ್ಸ್ ತಿರುಳಾಗಿ ಬೆಳೆಯಿತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಸೇರಿ ಪೂರ್ಣ ವ್ಯವಸ್ಥೆಯೊಂದು ರೂಪುಗೊಂಡಿತು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಇದೇ ತಿರುಳು.

ತಿರುಳಿನ ಸುತ್ತ ಕಿಟಕಿಗಳು, ಮೆನುಗಳು, ಆನ್ವಯಿಕ ತಂತ್ರಾಂಶಗಳನ್ನು ಜೋಡಿಸಿ ಕೊಡುವ ಕಟ್ಟಿಗೆ 'ವಿತರಣೆ' ಎಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಬಂದ ಉಬುಂಟು, 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಇವುಗಳಲ್ಲಿ ಪ್ರಮುಖವಾದವು. ಮನೆಬಳಕೆಗೆ ಇವುಗಳಿಗೆ ಪರವಾನಗಿ ಶುಲ್ಕವಿಲ್ಲ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯ ಅಡಿಯಲ್ಲಿ ಮುಕ್ತ ತಂತ್ರಾಂಶಗಳಿಗೆ ಬದಲಾಗಿ ಮಕ್ಕಳ ಪಾಠಕ್ಕೆ ಅವನ್ನೇ ಬಳಸುತ್ತ ಬಂದಿವೆ. ಇದು ಪರಿಣತರಿಗಷ್ಟೇ ಮೀಸಲಾದ ವ್ಯವಸ್ಥೆ ಎಂಬ ಮಾತಿಗೆ ಆ ಅನುಭವವೇ ಉತ್ತರ.

ಮೊದಲು ಯಂತ್ರದ ತಪಾಸಣೆ

ಅಳವಡಿಕೆಗೆ ಮುನ್ನ ಈ ಕೆಳಗಿನ ಸಂಗತಿಗಳನ್ನು ನೋಡಿಕೊಳ್ಳುವುದು ಒಳಿತು.

1. ಸಂಸ್ಕಾರಕದ ಬಗೆ: ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ಎಂಬಲ್ಲಿ ಸಂಸ್ಕಾರಕದ ಹೆಸರು, ಮೆಮೊರಿ ಹಾಗೂ 32-ಬಿಟ್ ಅಥವಾ 64-ಬಿಟ್ ಎಂಬ ವಿವರ ಸಿಗುತ್ತದೆ. ಎಷ್ಟೋ ಬಾರಿ 64-ಬಿಟ್ ಸಂಸ್ಕಾರಕದ ಮೇಲೆ 32-ಬಿಟ್ ವಿಂಡೋಸ್ ಹಾಕಿರುತ್ತಾರೆ. ಆದ್ದರಿಂದ ಆ ಸಾಲನ್ನು ಪೂರ್ತಿ ಓದಿ. ಮುಖ್ಯವಾದದ್ದು ಸಂಸ್ಕಾರಕದ ಬಗೆಯೇ ಹೊರತು ಅದರ ಮೇಲಿರುವ ವ್ಯವಸ್ಥೆಯದ್ದಲ್ಲ.

2. ಮೆಮೊರಿ: 4 ಜಿಬಿ ಇದ್ದರೆ ದಿನನಿತ್ಯದ ಕೆಲಸ ಸಾಗುತ್ತದೆ. 8 ಜಿಬಿ ಇದ್ದರೆ ನೆಮ್ಮದಿ. ಹೆಚ್ಚಿಸುವುದಾದರೆ ಡಿಡಿಆರ್2, ಡಿಡಿಆರ್3, ಡಿಡಿಆರ್4 ಇವುಗಳಲ್ಲಿ ನಿಮ್ಮ ಯಂತ್ರದ್ದು ಯಾವುದೆಂದು ತಿಳಿದೇ ಕೊಳ್ಳಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

3. ಡಿಸ್ಕು: ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅದು ಸಾಯುವ ಸೂಚನೆ. ಅಂಥ ಡಿಸ್ಕಿನ ಮೇಲೆ ಯಾವ ಹೊಸ ವ್ಯವಸ್ಥೆಯನ್ನು ಹಾಕಿಯೂ ಫಲವಿಲ್ಲ. ಸಾಟಾ ಜೋಡಣೆಯಿರುವ ಯಂತ್ರವಾದರೆ ಸಾಮಾನ್ಯ 2.5 ಅಂಗುಲದ ಎಸ್‌ಎಸ್‌ಡಿ ಹೊಂದಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವಾಗ ಹಳೆಯ ಮೆಮೊರಿ ಪಟ್ಟಿಯನ್ನೂ ಡಿಸ್ಕಿನ ವಿವರವನ್ನೂ ಜೊತೆಗೆ ಒಯ್ಯುವುದು ಜಾಣತನ.

4. ಧೂಳು ಮತ್ತು ಬಿಸಿ: ಫ್ಯಾನಿನ ರೆಕ್ಕೆಗಳಿಗೆ ಧೂಳು ಕಟ್ಟಿದರೆ ಸಂಸ್ಕಾರಕ ಬಿಸಿಯಾಗಿ, ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಧೂಳು ತೆಗೆದು, ಸಂಸ್ಕಾರಕದ ಮೇಲಿನ ಶಾಖವಾಹಕ ಲೇಪವನ್ನು ಬದಲಿಸಿದರೆ ಎಷ್ಟೋ ವ್ಯತ್ಯಾಸ ಕಾಣುತ್ತದೆ.

5. ಗುಂಡಿ ಬ್ಯಾಟರಿ: ಮದರ್‌ಬೋರ್ಡಿನ ಮೇಲಿರುವ, ಬಹುಪಾಲು ಸಿಆರ್2032 ಗಾತ್ರದ ಚಿಕ್ಕ ಬ್ಯಾಟರಿಯು ಗಡಿಯಾರವನ್ನು ನಡೆಸುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಯಂತ್ರದಲ್ಲಿ ಇದು ಬರಿದಾಗಿರುತ್ತದೆ. ದಿನಾಂಕ ತಪ್ಪಾಗಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಬ್ರೌಸರ್ ಪುಟ ತೆರೆಯಲು ನಿರಾಕರಿಸುತ್ತದೆ. ಅಂತರಜಾಲವೇ ಕೆಟ್ಟಿದೆ ಎಂದು ಭಾವಿಸಿ ಪರದಾಡುವವರು ಮೊದಲು ಈ ಚಿಕ್ಕ ಬ್ಯಾಟರಿಯನ್ನು ನೋಡಬೇಕು.

ಯಾವ ಯಂತ್ರಕ್ಕೆ ಯಾವ ವಿತರಣೆ?

4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಮೆಮೊರಿಯ 64-ಬಿಟ್ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಒಳ್ಳೆಯ ಆಯ್ಕೆ. ಅದರ ಸಿನಮನ್ ರೂಪದ ಮೆನು, ಕೆಳಪಟ್ಟಿಗಳು ವಿಂಡೋಸ್‌ಗೆ ಒಗ್ಗಿದ ಕಣ್ಣಿಗೆ ಅಪರಿಚಿತವೆನಿಸುವುದಿಲ್ಲ. ಯಂತ್ರ ಇನ್ನೂ ಸಾಧಾರಣದ್ದಾದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪ ಹಗುರವಾಗಿದೆ. 2024ರ ಜುಲೈನಲ್ಲಿ ಬಿಡುಗಡೆಯಾದ ಮಿಂಟ್ 22ರ ಸರಣಿಗೆ 2029ರವರೆಗೆ ಪರಿಷ್ಕರಣೆಗಳು ದೊರೆಯಲಿವೆ. ಲುಬುಂಟು ಮತ್ತು ಕ್ಷುಬುಂಟು ಎಂಬ ವಿತರಣೆಗಳೂ ಇದೇ ವರ್ಗಕ್ಕೆ ಸೇರಿದವು. ಇವುಗಳ ದೀರ್ಘಾವಧಿ ಆವೃತ್ತಿಗಳಿಗೆ ಮೂರು ವರ್ಷಗಳ ಬೆಂಬಲವಿರುತ್ತದೆ.

2 ಜಿಬಿ ಮೆಮೊರಿಯ ಯಂತ್ರಗಳಿಗೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ಸೂಕ್ತ. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿಯ ಗಾತ್ರ ಎಷ್ಟು ಚಿಕ್ಕದೆಂದರೆ, ಇಡೀ ವ್ಯವಸ್ಥೆ ಮೆಮೊರಿಯೊಳಗೇ ಕುಳಿತು ಓಡಬಲ್ಲದು. ಆದರೆ ಒಂದು ಮಾತು ನೆನಪಿರಲಿ: ಹಗುರವಾಗುವುದು ವ್ಯವಸ್ಥೆಯೇ ಹೊರತು ಜಾಲತಾಣಗಳಲ್ಲ. 2 ಜಿಬಿ ಯಂತ್ರದಲ್ಲಿ ಪತ್ರ ಬರೆಯಬಹುದು, ಹಾಡು ಕೇಳಬಹುದು, ಒಂದೆರಡು ಪುಟಗಳನ್ನು ತೆರೆದು ಓದಬಹುದು. ಹತ್ತು ಪುಟಗಳನ್ನು ಏಕಕಾಲಕ್ಕೆ ತೆರೆದಿಟ್ಟರೆ ಅದು ಮತ್ತೆ ತೆವಳುತ್ತದೆ.

32-ಬಿಟ್ ಸಂಸ್ಕಾರಕದ ಯಂತ್ರಗಳ ಕಾಲ ಮಾತ್ರ ನಿಜವಾಗಿಯೂ ಮುಗಿಯುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಅಳವಡಿಕೆಯ ಕಡತವನ್ನೇ ಕೊಟ್ಟಿಲ್ಲ. ಫೈರ್‌ಫಾಕ್ಸ್ ಕೂಡ ಅದೇ ವರ್ಷ ತನ್ನ 144ನೇ ಆವೃತ್ತಿಯೊಂದಿಗೆ 32-ಬಿಟ್ ಲಿನಕ್ಸ್‌ಗೆ ಸಾಮಾನ್ಯ ಬೆಂಬಲವನ್ನು ಮುಗಿಸಿತು. ಇಂಥ ಯಂತ್ರಗಳನ್ನು ಅಂತರಜಾಲದಿಂದ ದೂರವಿಟ್ಟು ಬೆರಳಚ್ಚು ಕಲಿಕೆಗೆ, ಹಳೆಯ ಕಡತಗಳ ಓದಿಗೆ ಬಳಸಬಹುದೇ ಹೊರತು ಬ್ಯಾಂಕಿನ ವ್ಯವಹಾರಕ್ಕೆ ಅವು ತಕ್ಕವಲ್ಲ.

ಕಡತಗಳ ಜೋಪಾನ: ಕನ್ನಡ ದಾಖಲೆಗಳ ಬಗ್ಗೆ ವಿಶೇಷ ಎಚ್ಚರ

ಅಳವಡಿಕೆಯಲ್ಲಿ ಆಗಬಹುದಾದ ಅತಿ ದೊಡ್ಡ ನಷ್ಟ ಯಂತ್ರದ್ದಲ್ಲ, ಅದರೊಳಗಿನ ಕಡತಗಳದ್ದು. ಡಿಸ್ಕನ್ನು ಅಳಿಸಿದ ಮೇಲೆ ಮಗುವಿನ ಮೊದಲ ಹುಟ್ಟುಹಬ್ಬದ ಚಿತ್ರಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಆ ನಕಲನ್ನು ಬೇರೊಂದು ಗಣಕದಲ್ಲಿ ತೆರೆದು ನೋಡಿದ ಬಳಿಕವೇ ಮುಂದುವರಿಯಬೇಕು. ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳು, ಬುಕ್‌ಮಾರ್ಕುಗಳು, ಡೆಸ್ಕ್‌ಟಾಪ್ ಮೇಲೆ ಚದುರಿರುವ ಕಡತಗಳು ಸಾಮಾನ್ಯವಾಗಿ ಮರೆತುಹೋಗುತ್ತವೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. 2000ದ ದಶಕದಲ್ಲಿ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧವಾದ ಕಥೆ, ಪ್ರಬಂಧ, ವಂಶವೃಕ್ಷ, ಸಂಘದ ನಡಾವಳಿಗಳಲ್ಲಿ ಬಹುಪಾಲು ಯೂನಿಕೋಡ್‌ನಲ್ಲಿಲ್ಲ. ಅವುಗಳಲ್ಲಿ ಕಡತದೊಳಗೆ ಉಳಿದಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ತೊಡಿಸುವುದು ಆಯಾ ಫಾಂಟು. ಫಾಂಟು ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅದೇ ಕಡತ ಅರ್ಥವಿಲ್ಲದ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಟ್ಟರೆ ವರ್ಷಗಳ ಬರಹ ಹೋದಂತೆ.

ಪರಿಹಾರ ಕಠಿಣವಲ್ಲ. ವಿಂಡೋಸ್ ಇನ್ನೂ ಯಂತ್ರದಲ್ಲಿರುವಾಗಲೇ ನುಡಿ, ಬರಹಗಳ ಜೊತೆಗೆ ದೊರೆಯುವ ಪರಿವರ್ತಕದಿಂದ ದಾಖಲೆಗಳನ್ನು ಯೂನಿಕೋಡ್‌ಗೆ ಬದಲಿಸಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಕೆಲವೆಡೆ ಪಲ್ಲಟವಾಗಬಹುದು. ಆದುದರಿಂದ ಮುಖ್ಯ ದಾಖಲೆಗಳನ್ನು ಒಮ್ಮೆ ಓದಿ ನೋಡಿ. ಅದರ ಜೊತೆಗೆ ಪ್ರತಿಯೊಂದರ ಪಿಡಿಎಫ್ ನಕಲು ಇಟ್ಟುಕೊಳ್ಳಿ, ವಿಂಡೋಸ್‌ನ ಫಾಂಟ್ಸ್ ಕಡತಕೋಶದಲ್ಲಿರುವ ಹಳೆಯ ಕನ್ನಡ ಫಾಂಟುಗಳನ್ನೂ ನಕಲಿಸಿಕೊಳ್ಳಿ. ಅವುಗಳ ಪರವಾನಗಿ ಅನುಮತಿಸುವುದಾದರೆ ಲಿನಕ್ಸ್‌ನಲ್ಲಿಯೂ ಅವೇ ಫಾಂಟುಗಳನ್ನು ಹಾಕಿ ಹಳೆಯ ಕಡತವನ್ನು ಓದಬಹುದು.

ಅಳವಡಿಸುವ ಕ್ರಮ

ಮೊದಲಿಗೆ ವಿತರಣೆಯ ಅಧಿಕೃತ ತಾಣದಿಂದಲೇ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ಅಲ್ಲಿಯೇ ಕೊಟ್ಟಿರುವ ತಾಳೆಸಂಖ್ಯೆಯೊಡನೆ ಹೋಲಿಸಿದರೆ ಕಡತ ಪೂರ್ಣವಾಗಿ ಇಳಿದಿದೆಯೇ ಎಂಬುದು ತಿಳಿಯುತ್ತದೆ. ಬಳಿಕ ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿ ಅಥವಾ ಹೆಚ್ಚು ಸಾಮರ್ಥ್ಯದ ಪೆನ್ ಡ್ರೈವಿಗೆ ಬರೆಯಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ಗಮನದಲ್ಲಿರಲಿ.

ಯಂತ್ರವನ್ನು ಚಾಲೂ ಮಾಡುತ್ತಿದ್ದಂತೆ ಎಫ್12, ಎಫ್9, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಎಲ್ಲಿಂದ ಆರಂಭಿಸಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಕೀಲಿ ಯಾವುದೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಅಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಡಿಸ್ಕಿನಲ್ಲಿ ಏನನ್ನೂ ಬದಲಿಸದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಈ 'ಲೈವ್' ಸ್ಥಿತಿಯೇ ಲಿನಕ್ಸಿನ ದೊಡ್ಡ ಅನುಕೂಲ: ಕೊಳ್ಳುವ ಮುನ್ನ ಸೀರೆಯನ್ನು ಬಿಚ್ಚಿ ನೋಡಿದಂತೆ. ವೈಫೈ ಸಿಗುತ್ತಿದೆಯೇ, ಸದ್ದು ಬರುತ್ತಿದೆಯೇ, ಕ್ಯಾಮೆರಾ, ಮುದ್ರಕಗಳು ಕೆಲಸ ಮಾಡುತ್ತಿವೆಯೇ ಎಂದು ಒಂದು ಗಂಟೆ ಪರೀಕ್ಷಿಸಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ವೈಫೈ ಚಿಪ್ಪಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಅಂತರಜಾಲವನ್ನು ಹಂಚಿಕೊಂಡು, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಅದನ್ನು ಪಡೆಯಬಹುದು.

ಎಲ್ಲವೂ ಸರಿಯೆನಿಸಿದ ಮೇಲೆ ಪರದೆಯ ಮೇಲಿನ ಅಳವಡಿಕೆಯ ಚಿಹ್ನೆಯನ್ನು ಒತ್ತಿ. ಡಿಸ್ಕನ್ನು ಪೂರ್ತಿ ಅಳಿಸಿ ಹಾಕುವುದು, ವಿಂಡೋಸ್ ಪಕ್ಕದಲ್ಲೇ ಹಾಕುವುದು ಎಂಬ ಎರಡು ದಾರಿಗಳು ಮುಖ್ಯವಾದವು. ಪಕ್ಕದಲ್ಲಿ ಹಾಕುವವರು ಮೊದಲೇ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಆರಿಸಬೇಕು. ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅದರ ಡಿಸ್ಕು ಭಾಗಕ್ಕೆ ಲಿನಕ್ಸ್‌ನಿಂದ ಬರೆಯಲಾಗದು. ಬಿಟ್‌ಲಾಕರ್ ಬೀಗ ಇರುವ ಯಂತ್ರವಾದರೆ ಅದರ ಮರುಪಡೆಯುವ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಬಾರದು. ಲ್ಯಾಪ್‌ಟಾಪ್ ಆಗಿದ್ದರೆ ವಿದ್ಯುತ್ ಜೋಡಣೆ ಇರಲಿ; ಡೆಸ್ಕ್‌ಟಾಪ್ ಆಗಿದ್ದರೆ ವಿದ್ಯುತ್ ಕಡಿತದ ಹೊತ್ತನ್ನು ತಪ್ಪಿಸಿ.

ಅಳವಡಿಕೆ ಮುಗಿದ ಬಳಿಕ ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಪರಿಷ್ಕರಣೆಗಳನ್ನು ಹಾಕಿ. ಮಿಂಟ್‌ನ ಟೈಮ್‌ಶಿಫ್ಟ್ ಉಪಕರಣದಲ್ಲಿ ವ್ಯವಸ್ಥೆಯ ನಕಲೊಂದನ್ನು ತೆಗೆದಿಟ್ಟರೆ, ಮುಂದೆ ಏನಾದರೂ ತಪ್ಪಾದಾಗ ಹಿಂದಿನ ಸ್ಥಿತಿಗೆ ಮರಳಬಹುದು.

ಕನ್ನಡದಲ್ಲಿ ಬರೆಯುವುದು ಹೇಗೆ?

ಯೂನಿಕೋಡ್ ಕನ್ನಡವನ್ನು ಓದಲು ಲಿನಕ್ಸ್‌ನಲ್ಲಿ ತೊಂದರೆಯಿಲ್ಲ. ನೋಟೊ, ಲೋಹಿತ್ ಫಾಂಟುಗಳ ಜೊತೆಗೆ ಕನ್ನಡಿಗರೇ ರೂಪಿಸಿದ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಲಭ್ಯ. ಬರೆಯಲು ಐಬಸ್ ಮತ್ತು ಎಂ17ಎನ್ ಎಂಬ ಪೊಟ್ಟಣಗಳನ್ನು ಅಳವಡಿಸಿಕೊಂಡರೆ ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಹಾಗೂ ಕೆಜಿಪಿ ವಿನ್ಯಾಸಗಳು ದೊರೆಯುತ್ತವೆ. ಈ ಕೆಜಿಪಿ ಎಂದರೆ ಕನ್ನಡ ಗಣಕ ಪರಿಷತ್ತು; ನಾಡೋಜ ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ, ನುಡಿ ಬಳಸುವವರೆಲ್ಲ ಬಲ್ಲ ಕೀಲಿಮಣೆ ವಿನ್ಯಾಸ ಇದೇ. ಹಾಗಾಗಿ ನುಡಿಯಲ್ಲಿ ಬೆರಳಾಡಿಸಿದವರು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ. ಬರಹ, ಲೆಕ್ಕಪಟ್ಟಿಗಳಿಗೆ ಲಿಬ್ರೆ ಆಫೀಸ್ ವ್ಯವಸ್ಥೆಯ ಜೊತೆಗೇ ಬರುತ್ತದೆ.

ಯಾರಿಗೆ ಇದು ಸಲ್ಲದು?

ಎಲ್ಲರಿಗೂ ಲಿನಕ್ಸ್ ಹೊಂದುತ್ತದೆ ಎನ್ನುವುದು ಅತಿಶಯೋಕ್ತಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿ, ಪೇಜ್‌ಮೇಕರ್ ಮತ್ತು ಹಳೆಯ ಫಾಂಟುಗಳನ್ನು ನೆಚ್ಚಿಕೊಂಡಿರುವ ಮುದ್ರಣಾಲಯ, ಫೋಟೋಶಾಪ್ ಇಲ್ಲದೆ ನಡೆಯದ ಸ್ಟುಡಿಯೋ ಇವುಗಳಿಗೆ ವಿಂಡೋಸ್ ಯಂತ್ರ ಬೇಕೇಬೇಕು. ವೈನ್ ಎಂಬ ತಂತ್ರಾಂಶದ ನೆರವಿನಿಂದ ಕೆಲವು ವಿಂಡೋಸ್ ತಂತ್ರಾಂಶಗಳು ಲಿನಕ್ಸ್‌ನಲ್ಲಿ ಓಡುತ್ತವೆಯಾದರೂ ಜೀವನೋಪಾಯವನ್ನು ಅದರ ಮೇಲೆ ನಿಲ್ಲಿಸುವುದು ಸರಿಯಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸಿ ಟೆಂಡರು, ತೆರಿಗೆ ವಿವರ ಸಲ್ಲಿಸುವವರೂ ತಮ್ಮ ಟೋಕನ್ ಕೆಲಸ ಮಾಡುವುದೇ ಎಂದು ಮೊದಲು ಪರೀಕ್ಷಿಸಿ ನೋಡಬೇಕು. ಹಳೆಯ ಕೆಲವು ಲೇಸರ್ ಮುದ್ರಕಗಳು ಸತಾಯಿಸುವುದುಂಟು.

ವಿದ್ಯುತ್ತಿನ ಲೆಕ್ಕವನ್ನೂ ಮರೆಯಬಾರದು. ಹಳೆಯ ಡೆಸ್ಕ್‌ಟಾಪ್ ಮತ್ತು ದಪ್ಪನೆಯ ಸಿಆರ್‌ಟಿ ಪರದೆ ಸೇರಿ 150 ವಾಟ್ ಎಳೆಯುತ್ತವೆ ಎಂದುಕೊಂಡರೆ, ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 22.5 ಯೂನಿಟ್ ಆಗುತ್ತದೆ. 25 ವಾಟ್‌ನ ಲ್ಯಾಪ್‌ಟಾಪ್‌ಗೆ ಅದೇ ಅವಧಿಯಲ್ಲಿ 4 ಯೂನಿಟ್ಟೂ ಬೇಕಾಗದು. ಆದ್ದರಿಂದ ಮರುಜೀವಕ್ಕೆ ಮೊದಲ ಅರ್ಹತೆ ಕಳೆದ ಹತ್ತು-ಹದಿನೈದು ವರ್ಷಗಳ ಲ್ಯಾಪ್‌ಟಾಪ್ ಹಾಗೂ ತೆಳು ಪರದೆಯ ಡೆಸ್ಕ್‌ಟಾಪ್‌ಗಳದ್ದು.

ಗುಜರಿಗೆ ಹೋಗುವ ಮುನ್ನ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ದಾಖಲೆಯ ಪ್ರಕಾರ ಶೇ. 22.3 ಮಾತ್ರ. ಭಾರತದಲ್ಲಿ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದುರಸ್ತಿಗೆ ಮೀರಿದ ಯಂತ್ರವನ್ನು ಬೀದಿಯ ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು, ಅದಕ್ಕೂ ಮುನ್ನ ಡಿಸ್ಕಿನಲ್ಲಿರುವುದನ್ನೆಲ್ಲ ಸಂಪೂರ್ಣವಾಗಿ ಅಳಿಸುವುದು ನಮ್ಮ ಹೊಣೆ.

ಯಂತ್ರವೊಂದಕ್ಕೆ ಬೆಂಬಲ ಎಂದು ಮುಗಿಯಬೇಕೆಂಬುದನ್ನು ತಯಾರಕರು ನಿರ್ಧರಿಸಬಹುದು. ಅದರ ಉಪಯೋಗ ಎಂದು ಮುಗಿಯಬೇಕೆಂಬ ನಿರ್ಧಾರ ಮಾತ್ರ ಅದರ ಒಡೆಯನ ಕೈಯಲ್ಲಿದೆ. ಮನೆಯಲ್ಲಿ ಮೂಲೆ ಹಿಡಿದ ಲ್ಯಾಪ್‌ಟಾಪ್ ಇದ್ದರೆ ಈ ಭಾನುವಾರ ಅದನ್ನು ಹೊರತೆಗೆದು ಧೂಳು ಒರೆಸಿ. ಮೊದಲು ಕಡತಗಳನ್ನು ನಕಲಿಸಿಕೊಳ್ಳಿ, ಆಮೇಲೆ ಪೆನ್ ಡ್ರೈವಿನಿಂದ ಲಿನಕ್ಸನ್ನು ಪರೀಕ್ಷಿಸಿ ನೋಡಿ. ಹಿಡಿಸದಿದ್ದರೆ ಪೆನ್ ಡ್ರೈವ್ ಕಿತ್ತಿಟ್ಟರಾಯಿತು. ಹಿಡಿಸಿದರೆ ಮಗುವಿನ ಓದಿಗೋ ಅಜ್ಜನ ಪತ್ರಿಕೆಗೋ ಒಂದು ಗಣಕ ದೊರೆತಂತೆ.